ದೂರಿಲ್ಲದ ಬೀದಿ

ನನ್ನ ಗಂಡನ ತಂದೆ, ಅಂದರೆ ನಮ್ಮ ಮಾವ, ನಗರದ ಜಲಮಂಡಳಿಯಲ್ಲಿ ನೀರುಗಂಟಿ. ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ಬೀದಿಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವುದು ಅವರ ಕೆಲಸ. ಬೀದಿಯವರೆಲ್ಲ ಅವರನ್ನು ಕರೆಯುವುದು ನಲ್ಲಿರಾಯರು ಎಂದೇ.

ಎಲ್ಲಾದರೂ ಪೈಪು ಸೋರಿದರೆ, ನೀರು ಕೆಂಪಗೆ ಬಂದರೆ, ಮಾವ ಆ ಮನೆಯವರಿಂದಲೇ ಸಹಾಯವಾಣಿಗೆ ಫೋನ್ ಮಾಡಿಸುತ್ತಿದ್ದರು. ಮಾಡಲು ಬಾರದವರ ಪರವಾಗಿ ತಾವೇ ಮಾಡುತ್ತಿದ್ದರು. "ನಾನು ಬಾಯಲ್ಲಿ ಹೇಳಿದ್ರೆ ಎಂಜಿನಿಯರು ಈ ಕಿವೀಲಿ ಕೇಳಿ ಆ ಕಿವೀಲಿ ಬಿಡ್ತಾರೆ. ದೂರು ಬಿತ್ತು ಅಂದ್ರೆ ರಿಪೇರಿಯವರು ಬರ್ಲೇಬೇಕು" ಎನ್ನುತ್ತಿದ್ದರು. ಬರುತ್ತಲೂ ಇದ್ದರು.

ಈ ವರ್ಷ ಮಂಡಳಿ ವಾರ್ಡುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿತು. ದೂರು ಎಲ್ಲಿ ಕಡಿಮೆಯೋ ಅದೇ ಮಾದರಿ. ಉಳಿದವರೆಲ್ಲ ಅದರ ಮಟ್ಟಕ್ಕೆ ಏರಬೇಕು. ಸೇತುವೆಯಾಚೆಯ ವಾರ್ಡು ಮೊದಲು ಬಂತು, ನಮ್ಮದು ಕೊನೆ. ಮುಂದಿನ ಹೋಲಿಕೆಯಲ್ಲೂ ಹೀಗೇ ಆದರೆ ವಾರ್ಡು ಗುತ್ತಿಗೆದಾರನಿಗೆ, ಮಾವ ಊರಾಚೆಯ ಪಂಪ್‌ಹೌಸಿನ ಕಾವಲಿಗೆ.

"ಅಲ್ಲಿ ಎಲ್ರ ಮನೇಲೂ ಬೋರ್‌ವೆಲ್ ಇದೆ ಕಣಮ್ಮ. ನಲ್ಲಿ ಇರೋದೇ ಮರ್ತಿದ್ದಾರೆ. ಇನ್ನು ದೂರೋರು ಯಾರು?" ಎಂದರು ಮಾವ, ನನ್ನ ಮಗಳು ಪುಟ್ಟಿಯನ್ನು ಕಾಲ ಮೇಲೆ ಕೂರಿಸಿಕೊಂಡು.

"ಅದನ್ನ ಸಾಹೇಬ್ರಿಗೆ ಹೇಳ್ಬೇಕಿತ್ತು, ಮಾವ."

"ಹೇಳ್ದೆ. ಪಾಪ, ಪೂರ್ತಿ ಕೇಳಿಸ್ಕೊಂಡ್ರು. ಫಾರಂನಲ್ಲಿ ಕಾರಣ ಬರೆಯೋಕೆ ಜಾಗ ಇಲ್ವಂತೆ."

ಸುದ್ದಿ ಹರಡಿತು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ನಮ್ಮ ನಲ್ಲಿರಾಯರನ್ನ ಬಿಟ್ಕೊಡೋದುಂಟಾ? ಇನ್ಮೇಲೆ ನಲ್ಲೀಲಿ ಕಪ್ಪೆ ಬಂದ್ರೂ ಸಾಕ್ಕೊಳ್ತೀವಿ, ಫೋನ್ ಮಾತ್ರ ಮಾಡಲ್ಲ!" ಎಲ್ಲರೂ ನಕ್ಕರು. ಮಾವ ನಗಲು ಹೋಗಿ ಕೆಮ್ಮಿದರು.

ಬೀದಿ ಮಾತಿಗೆ ತಪ್ಪಲಿಲ್ಲ. ಮೂಲೆಯಲ್ಲಿ, ಚರಂಡಿಯ ಪಕ್ಕ, ಪೈಪು ಒಡೆದಾಗಲೂ ಯಾರೂ ತುಟಿ ಬಿಚ್ಚಲಿಲ್ಲ. ಕೊಡದಲ್ಲಿ ವಾಸನೆ ಬಂತು. ಸೋಸಿದೆವು, ಕುದಿಸಿದೆವು. ಮಾವ ಎಂಜಿನಿಯರ ಮುಂದೆ ಹೋಗಿ ನಿಂತರು. ಅವರು ಬೆನ್ನು ತಟ್ಟಿ ಕಳಿಸಿದರಂತೆ: "ದೂರೇ ಬಂದಿಲ್ವಲ್ಲಪ್ಪ! ನಿಮ್ಮ ವಾರ್ಡು ಮೇಲೇರ್ತಿದೆ, ಭೇಷ್."

ಆ ವಾರ ಹೊಲಿಯುವವಳ ಮಗನಿಗೆ ಹೊಟ್ಟೆ ಕೆಟ್ಟಿತು. ಹಿಂದೆಯೇ ನಮ್ಮ ಪುಟ್ಟಿಗೂ. ಕುದಿಸಿದ ನೀರನ್ನೇ ಕುಡಿಸಿದ್ದೆ. ಸ್ನಾನದ ಬಕೆಟ್ಟಿನಿಂದ ಬೊಗಸೆ ತುಂಬಿ ಕುಡಿಯುವ ಮಗುವನ್ನು ಎಷ್ಟು ಕಾಯಲಿ? ಆಸ್ಪತ್ರೆಯಿಂದ ಅವಳನ್ನು ಎತ್ತಿಕೊಂಡು ಬಂದಾಗ ಹಸಿ ಬಟ್ಟೆಯಂತೆ ಹೆಗಲಿಗೆ ಜೋತುಬಿದ್ದಿದ್ದಳು.

ಹೊಲಿಯುವವಳು ಬಾಗಿಲಲ್ಲೇ ಕಾಯುತ್ತಿದ್ದಳು. "ನನ್ನ ಮಗ ಚೇತರಿಸ್ಕೊಂಡ ಕಣೆ. ಪುಟ್ಟೀನೂ ಚೇತರಿಸ್ಕೊಳ್ತಾಳೆ. ಇನ್ನೊಂದು ಸ್ವಲ್ಪ ದಿನ ಹಲ್ಲು ಕಚ್ಕೊಂಡಿರೋಣ."

ಒಳಗೆ ಮಾವ ಪುಟ್ಟಿಯ ಬಾಯಿಗೆ ಉಪ್ಪು ಸಕ್ಕರೆಯ ನೀರನ್ನು ಚಮಚದಲ್ಲಿ ಹಾಕುತ್ತಿದ್ದರು. ನುಂಗಿದಳೇ ಎಂದು ಪ್ರತಿ ಸಲ ಗಂಟಲು ನೋಡುತ್ತಿದ್ದರು. ದೂರು ಕೊಡಲೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೇ ತಮ್ಮ ಫೋನನ್ನು ನನ್ನ ಕಡೆಗೆ ತಳ್ಳಿದರು.

ಸಹಾಯವಾಣಿಯ ಹುಡುಗಿ ಬೀದಿ ಕೇಳಿದಳು, ತೊಂದರೆ ಕೇಳಿದಳು. ಆಮೇಲೆ, "ನಿಮ್ಮಲ್ಲಿ ನೀರು ಬಿಡೋರ ಹೆಸರು?"

ನಾನು ಮಾವನ ಕಡೆ ನೋಡಿದೆ. ಮಾವ ಪುಟ್ಟಿಯ ಗಲ್ಲ ಒರೆಸುತ್ತ, ತಲೆಯೆತ್ತದೆ ಹೇಳಿದರು: "ಹೇಳಮ್ಮ, ಬಿಡಿಸಿ ಹೇಳು. ತಪ್ಪು ಬರ್ಕೊಂಡ್ರೆ ರಿಪೇರಿಯವರು ಬೇರೆ ಬೀದಿಗೆ ಹೋಗ್ತಾರೆ."

ಬಿಡಿಸಿ ಹೇಳಿದೆ.

ನಾನು ಫೋನ್ ಮಾಡಿದ್ದೇ ತಡ, ಬೀದಿಯವರೆಲ್ಲ ಮಾಡಿದರು. ಮನೆಮನೆಯಲ್ಲೂ ಮಕ್ಕಳು ಹೊಟ್ಟೆ ಕೆಟ್ಟು ಮಲಗಿದ್ದವು. ಪೈಪು ಸರಿಹೋಯಿತು. ಪುಟ್ಟಿ ಮತ್ತೆ ಮನೆತುಂಬ ಓಡಾಡುತ್ತಾಳೆ. ನಮ್ಮ ವಾರ್ಡು ಮತ್ತೆ ಕೊನೆಗೇ ನಿಂತಿತು. ಮಾವ ಈಗ ಪಂಪ್‌ಹೌಸಿಗೆ ಹೋಗುತ್ತಾರೆ. ಕೀಲಿ ಕಟ್ಟುತ್ತಿದ್ದ ಹಗ್ಗ ಸೈಕಲ್ಲಿನಲ್ಲಿ ಹಾಗೇ ಇದೆ. ಬಟ್ಟೆ ಒಣಹಾಕಲು ಬಿಚ್ಚಿಕೊಳ್ಳಲೇ ಎಂದರೆ, "ಇರ್ಲಿ ಬಿಡಮ್ಮ" ಎನ್ನುತ್ತಾರೆ.