ಅತ್ತೆ ತಾನಾಗಿ ಹತ್ತಿದ ಕಾರು

ನಾವು ಹೊಸ ಕಾರು ನೋಡಲು ಹೊರಟದ್ದು ಹಳೆಯದು ಕೆಟ್ಟಿತೆಂದಲ್ಲ. ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅದರ ಸೀಟು ನೆಲಕ್ಕೆ ತೀರ ಹತ್ತಿರ; ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಅತ್ತೆಯವರನ್ನು ಆಸ್ಪತ್ರೆಯಿಂದ ಅದರಲ್ಲೇ ಕರೆತಂದಿದ್ದೆವು. ನಮ್ಮ ಫ್ಲ್ಯಾಟುಗಳ ಸೊಸೈಟಿಯ ಗೇಟಿನೆದುರು ಇಳಿಸಲು ನನ್ನ ಗಂಡ ಒಂದು ಕಡೆ, ವಾಚ್‌ಮನ್ ಒಂದು ಕಡೆ ಹಿಡಿದು ಎತ್ತಬೇಕಾಯಿತು. ಸೆರಗು ಜಾರಿತು. ಸಂಜೆಯ ಹೊತ್ತು, ಬಾಲ್ಕನಿಗಳಲ್ಲೆಲ್ಲ ಜನ. ಮನೆಯೊಳಗೆ ಬಂದು ನೀರು ಕುಡಿದ ಮೇಲೆ ಅತ್ತೆ ಹೇಳಿದರು: "ಇನ್ನ ಮ್ಯಾಲೆ ನನ್ನ ಯಾರೂ ಜ್ವಾಳದ ಚೀಲ ಎತ್ತಿದಂಗ ಎತ್ತಬ್ಯಾಡ್ರಿ. ನಾನಾಗೇ ಹತ್ತಿ ನಾನಾಗೇ ಇಳಿಯೂ ಹಂಗಿದ್ರ ಬರತೀನಿ. ಇಲ್ಲಾಂದ್ರ ಮನ್ಯಾಗ ಇರತೀನಿ."

ಆ ಮಾತನ್ನು ಅವರು ಬಿಡಲಿಲ್ಲ. ಕೋಲು ಹಿಡಿದು, ಈ ಮರಾಠಿ ಊರಿನ ಕೋಥರೂಡ ಬಡಾವಣೆಯ ನಮ್ಮ ಗಲ್ಲಿಯ ತುದಿಯವರೆಗೂ ನಡೆಯುತ್ತಿದ್ದರು. ವಾಹನ ಮಾತ್ರ ಹತ್ತುತ್ತಿರಲಿಲ್ಲ. ರಿಕ್ಷಾ ಅವರಿಗೆ ಎತ್ತರ, ನಮ್ಮ ಕಾರು ತಗ್ಗು. ನಮ್ಮ ಕಡೆಯ ಕನ್ನಡದ ಹೆಂಗಸರು ಸೇರುವ ಶುಕ್ರವಾರದ ಭಜನೆಗೆ ಹೋಗುವುದು ನಿಂತಿತು. ಅಲ್ಲಿಂದ ಫೋನು ಬಂದರೆ, "ನೀವು ಹಾಡ್ರಿ, ನಾ ಇಲ್ಲಿಂದ ಕೇಳತೀನಿ" ಎಂದು ಫೋನನ್ನು ಊಟದ ಟೇಬಲ್ಲಿನ ಮೇಲಿಟ್ಟು, ಎದುರಿಗೆ ಕೈಕಟ್ಟಿ ಕೂರುತ್ತಿದ್ದರು. ಕುಕ್ಕರ್ ಕೂಗಬಾರದೆಂದು ನಾನು ಗ್ಯಾಸು ಸಣ್ಣದು ಮಾಡುತ್ತಿದ್ದೆ. ಅದಕ್ಕಿಂತ ಹೆಚ್ಚಿನದು ನನ್ನ ಕೈಲಿರಲಿಲ್ಲ.

ಕಾರಿನ ಷೋರೂಮು ನಮ್ಮ ಗಲ್ಲಿ ಮುಖ್ಯ ರಸ್ತೆಗೆ ಸೇರುವಲ್ಲೇ ಇತ್ತು. ಮೊದಲು ನಾವಿಬ್ಬರೇ ಹೋಗಿ ನೋಡಿದೆವು. ಉದ್ದ ಕಡಿಮೆ, ಚಾವಣಿ ಎತ್ತರ, ಸೀಟು ಹದವಾದ ಮಟ್ಟದಲ್ಲಿದ್ದ ಚಿಕ್ಕ ಕಾರು. ಪುಟ್ಟ ಮಗು ಬೆನ್ನು ನೆಟ್ಟಗೆ ಮಾಡಿ ಕುಳಿತ ಹಾಗೆ ಕಾಣುತ್ತಿತ್ತು. ಅದರಲ್ಲೇ ಬೆಲೆಗೆ ತಕ್ಕಂತೆ ಮೂರು ಬಗೆ. ಎಲ್ಲಕ್ಕಿಂತ ಕೆಳಗಿನದರಲ್ಲಿ ಬಾಗಿಲ ಹಿಡಿಕೆಗಳು ಕಪ್ಪು, ಒಳಗೆ ತಲೆಯ ಮೇಲೆ ಹಿಡಿದುಕೊಳ್ಳಲು ಏನೂ ಇಲ್ಲ. ನಡುವಿನದರಲ್ಲಿ ಬೂದು ನೇಯ್ಗೆಯ ಬಟ್ಟೆಯ ಸೀಟು. ಬಾಗಿಲ ಮೇಲಿನ ಹಿಡಿಕೆಯನ್ನು ಎಳೆದು ಕೈಬಿಟ್ಟರೆ ಟಪ್ಪೆಂದು ಬಡಿಯದೆ ನಿಧಾನವಾಗಿ ಮೇಲೆ ಸರಿಯುತ್ತಿತ್ತು. ಮುಂದೆ ಕಾಯಿಪಲ್ಲೆ ಚೀಲ ತೂಗುಹಾಕಲು ಸಣ್ಣ ಕೊಕ್ಕೆ ಕೂಡ. ಯಾರೋ ಮನೆ ನಡೆಸುವವರನ್ನು ಕೇಳಿಯೇ ಮಾಡಿರಬೇಕು ಅನ್ನಿಸಿತು. ಮೇಲಿನದರಲ್ಲಿ ದೊಡ್ಡ ಪರದೆ, ಚರ್ಮದಂಥ ಸೀಟಿಗೆ ಕೆಂಪು ದಾರದ ಹೊಲಿಗೆ. ಒಂದು ಕಡೆ ಹೊಲಿಗೆ ಸ್ವಲ್ಪ ಓರೆಯಾಗಿತ್ತು, ನಾನು ಹೇಳಲಿಲ್ಲ. ಇನ್ನು ಚಾವಣಿಯಲ್ಲಿ ಗುಂಡಿ ಒತ್ತಿದರೆ ತೆರೆಯುವ ಗಾಜು. ನನ್ನ ಗಂಡ ಅದನ್ನು ಎಷ್ಟು ಸಲ ತೆರೆದು ಮುಚ್ಚಿದರೋ! ಕಾರು ತೋರಿಸುತ್ತಿದ್ದ ಮರಾಠಿ ಹುಡುಗಿ ನಗು ತಡೆದುಕೊಳ್ಳಲು ಬೇರೆ ಕಡೆ ನೋಡಿದಳು.

ರವಿವಾರ ಅತ್ತೆಯನ್ನು ನಡೆಸಿಕೊಂಡೇ ಕರೆದೊಯ್ದೆವು. ದಾರಿಯುದ್ದಕ್ಕೂ ನನ್ನ ಗಂಡನದು ಆ ಗಾಜಿನದೇ ವರ್ಣನೆ.

"ಅಂದ್ರ ಬೆಳಕಿಂಡಿ ಆತಲ್ಲೋ," ಎಂದರು ಅತ್ತೆ. "ನಮ್ಮ ಮಾಳಗಿ ಮನ್ಯಾಗ ಇತ್ತು. ಮಳಿ ಬಂದ್ರ ಮುಚ್ಚಲಿಕ್ಕೆ ಮ್ಯಾಲೆ ಹತ್ತೋರು ಯಾರು?"

"ಗುಂಡಿ ಒತ್ತಿದ್ರ ತಾನ ಮುಚ್ಚತದವ್ವಾ."

"ಹಂಗಾರ ನಾ ಕೂಡೂದಕ್ಕೂ ಒಂದು ಗುಂಡಿ ಅದ ಏನು ಕೇಳು."

ಒಳಗೆ ಹೋದ ಮೇಲೆ ಆ ತಮಾಷೆ ನಿಂತುಹೋಯಿತು. ಮೇಲಿನ ಬಗೆಯ ಕಾರಿನ ಸೀಟಿಗೆ ಬೆನ್ನು ಮಾಡಿ ನಿಂತು, ಮೊಣಕಾಲಿಗೆ ವ್ಯಾಯಾಮ ಮಾಡಿಸುವವರು ಕಲಿಸಿದ ಹಾಗೆ ಕೂರಲು ನೋಡಿದರು. ಪಾದ ಜಾರಿತು. ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡರು. "ಚರ್ಮದ ಸೀಟು ನುಣುಪು, ಅದಕ್ಕ," ಎಂದು ಗಂಡ ಸಮಾಧಾನ ಹೇಳಿ ನಡುವಿನದರ ಹತ್ತಿರ ಕರೆದೊಯ್ದರು. ಅಲ್ಲೂ ಹಾಗೆಯೇ ಆಯಿತು. ಹುಡುಗಿ "ಆಜೀ, ಸಾವಕಾಶ" ಎಂದು ತೋಳು ಹಿಡಿಯಲು ಬಂದಳು. ಅತ್ತೆ ತೋಳು ಹಿಂದಕ್ಕೆ ಎಳೆದುಕೊಂಡು, ಅವಳಿಗೆ ಬೇಜಾರಾಗದಂತೆ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ಸಾಕವಾ. ನಿಮಗ ಯಾವುದು ಸೇರತದ ಅದನ್ನ ತಗೋರಿ. ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಇದರಲ್ಲೂ ಆಗದಿದ್ದರೆ ಇನ್ನು ಅವರ ಪ್ರಪಂಚ ನಮ್ಮ ಗಲ್ಲಿಯಷ್ಟೇ. ಅವರ ಮುಖ ನೋಡಲಾಗದೆ ಕೆಳಗೆ ನೋಡಿದೆ. ಇಳಕಲ್ ಸೀರೆಯ ಅಂಚು ನೆಲ ಗುಡಿಸುತ್ತಿತ್ತು. ಕಾನ್ವೆಂಟಿನಲ್ಲಿ ಓದಿದ ನನ್ನಂಥವರಿಗೆ ಅಂಚು ನೋಡುವ ಈ ಅಭ್ಯಾಸ ಹೋಗುವುದಿಲ್ಲ. ಪ್ರತಿ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿ ಲಂಗದ ಅಂಚು ಎಲ್ಲಿದೆ, ಶೂ ಹೇಗಿದೆ ಎಂದು ಸಿಸ್ಟರುಗಳು ನೋಡುತ್ತಿದ್ದರು. ಮನೆಯಿಂದ ಹೊರಡುವಾಗ ಆ ಅಂಚು ಪಾದದ ಮೇಲಿತ್ತು, ನಾನೇ ನೆರಿಗೆ ಸರಿ ಮಾಡಿದ್ದೆ.

"ಅತ್ಯಾ, ಚಪ್ಪಲಿ ಎಲ್ರೀ?"

"ಹೊರಗ ಬಿಟ್ಟೀನಿ."

"ಯಾಕ್ರೀ?"

"ಬಾಗಲದಾಗ ಗಣಪ್ಪ ಕೂತಾನ, ದೀಪ ಹಚ್ಯಾರ, ರಂಗೋಲಿ ಹಾಕ್ಯಾರ. ಮೆಟ್ಟಿಕೊಂಡು ಹ್ಯಾಂಗ ಬರಲಿ?"

ಗಂಡ ಹಣೆ ಹಿಡಿದುಕೊಂಡರು. "ಅವ್ವಾ, ಇದು ಗುಡಿ ಅಲ್ಲ, ಅಂಗಡಿ!"

"ಅಂಗಡಿಯಾಗಿದ್ರ ಗಣಪ್ಪ ಬ್ಯಾರೆ ಆಗತಾನೇನು? ನೀ ಮೆಟ್ಟಿಕೊಂಡು ಬಂದಿ, ನಾ ಏನರ ಅಂದೆನೇನು?"

ಡಾಕ್ಟರು ಹೇಳಿ ಹಾಕಿಸಿದ ಚಪ್ಪಲಿ ಅದು: ದಪ್ಪ ಅಟ್ಟೆ, ಕೆಳಗೆ ಜಾರದ ರಬ್ಬರು. ಆಪರೇಷನ್ ಆದಮೇಲೆ ಅವರು ಹೊರಗೆ ನಡೆಯಲು ಕಲಿತದ್ದೇ ಅದರಲ್ಲಿ. ಈಗ ಬರಿಗಾಲಲ್ಲಿ, ಕನ್ನಡಿಯಂಥ ನುಣುಪು ನೆಲದ ಮೇಲೆ ನಿಂತು ಕಾರು ಹತ್ತಲು ನೋಡಿದ್ದರು. ಆಗಿರಲಿಲ್ಲ, ಅಷ್ಟೇ. ಕಾರಿನದೂ ತಪ್ಪಿಲ್ಲ, ಮೊಣಕಾಲಿನದೂ ತಪ್ಪಿಲ್ಲ. ನನಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಚಪ್ಪಲಿ ತಂದುಕೊಡುತ್ತೇನೆಂದರೆ ಅತ್ತೆ ಒಪ್ಪಲಿಲ್ಲ. ಗಣಪ್ಪನ ಎದುರಿಗೆ ಆಗದು. ನಾನು ಹುಡುಗಿಗೆ ಮರಾಠಿಯಲ್ಲಿ ವಿಷಯ ತಿಳಿಸಿದೆ. ಅವಳಿಗೆ ವಿಚಿತ್ರವೆನಿಸಿದಂತೆ ಕಾಣಲಿಲ್ಲ. ತನ್ನ ಅಜ್ಜಿಯೂ ಹೀಗೆಯೇ ಎಂದು ಹೇಳಿ, ಓಡಿಸಿ ನೋಡಲು ಇಟ್ಟಿದ್ದ ಕಾರನ್ನು ಹೊರಗಿನ ಒರಟು ಸಿಮೆಂಟಿನ ಮೇಲೆ ತಂದು ನಿಲ್ಲಿಸಿದಳು. ಅದೂ ನಡುವಿನ ಬಗೆಯದೇ.

ಅತ್ತೆ ಚಪ್ಪಲಿ ಮೆಟ್ಟಿಕೊಂಡರು. ಮುಂದಿನ ಬಾಗಿಲು ಪೂರ್ತಿ ಅಗಲ ತೆರೆದುಕೊಂಡಿತು. ಬೆನ್ನು ಮಾಡಿ ನಿಂತರು, ಹಿಂದೆ ಕೈಯಾಡಿಸಿ ಸೀಟು ಹುಡುಕಿದರು, ಕುಳಿತರು. ಒಂದು ಕಾಲು ಒಳಗೆ. ಮೇಲಿನ ಹಿಡಿಕೆಗೆ ಕೈ. ಇನ್ನೊಂದು ಕಾಲು. ಆಮೇಲೆ ಅದೇ ಕ್ರಮದಲ್ಲಿ ಇಳಿದರು. ಮತ್ತೆ ಹತ್ತಿದರು.

"ಹ್ಞಾಂ," ಎಂದರು. "ಗಾಡಿ ಹೊಡಿ ನೋಡೋಣು."

ಗಂಡ ಓಡಿಸಿದರು, ನಾನೂ ಹುಡುಗಿಯೂ ಹಿಂದೆ. ಅವಳು ಕಾರಿನ ಗುಣಗಳನ್ನು ಹೇಳುತ್ತಲೇ ಇದ್ದಳು. ನನ್ನ ಕಿವಿಗೆ ಒಂದೂ ಬೀಳಲಿಲ್ಲ. ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿ ಕುಳಿತಿದ್ದೆ. ಎಷ್ಟು ತಿಂಗಳಾಗಿತ್ತೋ ಹಾಗೆ ಕೂತು.

ತಿರುವಿನಲ್ಲಿ ಸೊಪ್ಪಿನ ಗಾಡಿ ಕಂಡಿತು. "ನಿಲ್ಲಸೋ," ಎಂದರು ಅತ್ತೆ. ನಾನು ಇಳಿಯೋಣವೆಂದು ಬೆಲ್ಟು ಬಿಚ್ಚುವಷ್ಟರಲ್ಲಿ ಮುಂದಿನ ಬಾಗಿಲು ತೆರೆದಿತ್ತು. ಕೋಲಿನ ಸದ್ದು, ಆಮೇಲೆ ಅವರ ಧಾರವಾಡದ ಧಾಟಿಯ ಮರಾಠಿ ಗಾಡಿಯವನ ಮೇಲೆ ಏರುವುದು ಕೇಳಿಸಿತು. ಸೊಪ್ಪು ಬಾಡಿದೆ ಎಂದು ಅವನನ್ನು ಗದರುತ್ತಿದ್ದರು.

"ನೋಡಿದೇನು?" ಗಂಡ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನಮ್ಮನ್ನ ಕರೀಲೇ ಇಲ್ಲ."

"ಬೆಳಕಿಂಡಿ?"

"ಬಿಡು ಅತ್ಲಾಗ, ಬಿಸಲು ಬರತದ."

ಅತ್ತೆ ಮೆಂತ್ಯದ ಎರಡು ಕಟ್ಟು ಹಿಡಿದು ಬಂದರು. ನಾನು ಇಳಿಯಲೆಂದು ಬಾಗಿಲಿಗೆ ಕೈ ಹಾಕಿದರೆ ಕಣ್ಣಿನಲ್ಲೇ ತಡೆದರು. ಕಟ್ಟುಗಳನ್ನು ನನ್ನ ಬದಿಯ ತೆರೆದ ಕಿಟಕಿಯಿಂದ ಒಳಗೆ ತುರುಕಿದರು.

"ಹಿಡಿ ಇದನ್ನ. ಹತ್ತಲಿಕ್ಕೆ ನನಗ ಕೈ ಬೇಕು."