ಸರಕಾರಕ್ಕೂ ಗೊತ್ತಿದ್ದ ಮದುವೆ

ಪೋರ್ಚುಗೀಸ್ ಪಾಸ್‌ಪೋರ್ಟ್ ಇರುವವರ ಹೆಂಡತಿಗೆ ವೀಸಾ ಸುಲಭ, ಶುಲ್ಕವೂ ಇಲ್ಲ ಎಂದು ಎಲ್ಲರೂ ಹೇಳಿದ್ದರು. ಆದರೂ ದುಬೈಯಿಂದ ಅಬುಧಾಬಿಯ ಪೋರ್ಚುಗೀಸ್ ರಾಯಭಾರ ಕಚೇರಿಗೆ ಹೊರಟ ಬಸ್ಸಿನಲ್ಲಿ ಮಡಿಲಲ್ಲಿದ್ದ ಫೈಲನ್ನು ನಾಲ್ಕು ಸಲ ಬಿಚ್ಚಿ ನೋಡಿದೆ. ನನ್ನ ಗಂಡ ಗೋವಾದವರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಹುಟ್ಟಿದ ತಂದೆಯ ಜನನ ದಾಖಲೆಯ ಆಧಾರದಲ್ಲಿ ಆ ಪಾಸ್‌ಪೋರ್ಟ್ ಪಡೆದು, ಕೆಲಸ ಹುಡುಕಿಕೊಂಡು ಆರು ತಿಂಗಳ ಹಿಂದೆ ದುಬೈ ಬಿಟ್ಟು ಲಿಸ್ಬನ್‌ಗೆ ಹೋಗಿದ್ದರು. ಅಲ್ಲಿ ಬೆನ್ನು ಕೈಕೊಟ್ಟಿತು. ಆಪರೇಷನ್‌ಗೆ ಇನ್ನು ಇಪ್ಪತ್ತೆರಡು ದಿನ. ಆಮೇಲೆ ಅವರನ್ನು ಎಬ್ಬಿಸಿ ಕೂರಿಸಲು ಒಂದು ಜನ ಬೇಕು. ಬಾಡಿಗೆ ಕೋಣೆಯ ಜೊತೆಗಾರರು ಬೆಳಗಾದರೆ ಕೆಲಸಕ್ಕೆ ಹೋಗುವವರು.

ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ನನ್ನ ಬಿ.ಕಾಂ. ಪದವಿ ಪತ್ರ. ನಾನು ಹಂಚಿನ ಕಾರ್ಖಾನೆಯ ಕೂಲಿಯ ಮಗಳು. ನನಗಿಂತ ಮೊದಲು ನಮ್ಮ ಮನೆಯಿಂದ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆ ಪತ್ರದ ಬೆನ್ನಿಗಿದ್ದ ಮೊಹರುಗಳಿಂದಲೇ ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಲೆಕ್ಕಪತ್ರದ ಕೆಲಸ, ನನ್ನದೇ ಹೆಸರಿನ ವೀಸಾ. ಗಂಡನ ವೀಸಾದಲ್ಲಿ ಬಂದವಳಲ್ಲ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದೆ.

ಕೌಂಟರಿನ ಹೆಂಗಸು ಪದವಿ ಪತ್ರ, ಸಂಬಳದ ಸರ್ಟಿಫಿಕೇಟ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ನನ್ನ ಕಡೆಗೇ ಸರಿಸಿದಳು. ಅದ್ಯಾವುದೂ ಬೇಡವಂತೆ. ಇಬ್ಬರ ಪಾಸ್‌ಪೋರ್ಟ್, ಗಂಡ ಅಲ್ಲಿರುವುದಕ್ಕೆ ಪುರಾವೆ, ಮದುವೆಯ ಪತ್ರ ಇದ್ದರೆ ಸಾಕು. ಇಗರ್ಜಿಯ ಪತ್ರ ಕೊಟ್ಟೆ. ಪಾದ್ರಿಗಳ ಸಹಿ, ದುಂಡು ಮೊಹರು ಎಲ್ಲ ಇತ್ತು. ಅದನ್ನೂ ಹಿಂದೆ ಕೊಟ್ಟಳು. ಸರಕಾರದ್ದು ಬೇಕು, ಅದರ ಮೇಲೆ ದೆಹಲಿಯ ವಿದೇಶಾಂಗ ಇಲಾಖೆಯ ಮೊಹರೂ ಬೇಕು.

ಗೋವಾದಲ್ಲಿ ಮೊದಲು ಸರಕಾರಿ ಕಚೇರಿಯಲ್ಲಿ ಸಹಿ ಹಾಕಿ, ಆಮೇಲೆ ಇಗರ್ಜಿಗೆ ಹೋಗುವುದು ರೂಢಿ. ಮಂಗಳೂರಿನಲ್ಲಿ ಮದುವೆಯಾದಾಗ ಗಂಡ ಅದನ್ನು ಕೇಳಿಯೂ ಇದ್ದರು. ನಮ್ಮಲ್ಲಿ ಪಾದ್ರಿಗಳ ಪುಸ್ತಕದಲ್ಲಿ ಬರೆದರೆ ಮುಗಿಯಿತು ಎಂದವಳು ನಾನೇ. ಗಂಡನ ವೀಸಾದಲ್ಲಿ ದುಬೈಗೆ ಬಂದಿದ್ದರೆ ಆ ಪತ್ರವನ್ನು ಎಂದೋ ಮಾಡಿಸಬೇಕಾಗುತ್ತಿತ್ತು. ಸ್ವಂತ ವೀಸಾದ ಜಂಬದಲ್ಲಿ ಏಳು ವರ್ಷ ಕಳೆದಿತ್ತು.

ನನ್ನ ಕಚೇರಿಯಲ್ಲಿ ಪಕ್ಕದ ಮೇಜಿನ ಉಡುಪಿಯ ಅಕ್ಕ ವಿಷಯ ಕೇಳಿ ನಕ್ಕರು. "ಎಂತ ಮಾರಾಯ್ತಿ, ಏಳು ವರ್ಷ ಪೇಪರಿಲ್ಲದೆ ಸಂಸಾರವಾ? ಈಗಲೂ ಬೇಕಾದ್ರೆ ಬೇರೆ ಗಂಡು ನೋಡಬಹುದು ನೀನು."

ನನಗೆ ನಗು ಬರಲಿಲ್ಲ. ಊರಿಗೆ ಫೋನು ಮಾಡಿದೆ. ನನ್ನ ಅಪ್ಪನಿಗೆ ಓದಲು ಬರುವುದಿಲ್ಲ. ಸಹಿ ಮಾಡಲು ಕಲಿತದ್ದೂ ನನ್ನ ಕಾಲೇಜಿನ ಅರ್ಜಿಗಾಗಿ. ಅವರನ್ನೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕಳುಹಿಸಬೇಕಾಯಿತು. ಏನು ಕೇಳಬೇಕೆಂದು ಮೂರು ಸಲ ಬಾಯಿಪಾಠ ಮಾಡಿಸಿದೆ. ಮೂರನೆಯ ಸಲ ಅವರಿಗೇ ಸಿಟ್ಟು ಬಂತು. ಮರುದಿನ ಮಧ್ಯಾಹ್ನದವರೆಗೆ ನನ್ನಿಂದ ಒಂದು ಬಿಲ್ಲೂ ಸರಿಯಾಗಿ ನೋಡಲಾಗಲಿಲ್ಲ. ಕೊನೆಗೆ ಅವರ ಫೋನು ಬಂತು.

"ಪುತಾ, ಇಗರ್ಜಿಯವರು ಆಗಲೇ ಇಲ್ಲಿಗೆ ಕಾಪಿ ಕಳಿಸಿದ್ದರಂತೆ. ನಿನ್ನ ಮದುವೆ ಸರಕಾರಕ್ಕೂ ಗೊತ್ತುಂಟು. ನಾವು ಕೇಳಿರಲಿಲ್ಲ, ಅಷ್ಟೇ."

ಅಲ್ಲಿಂದ ಪತ್ರ ಮೊಹರಿಗಾಗಿ ಬೆಂಗಳೂರಿಗೆ, ದೆಹಲಿಗೆ, ಆಮೇಲೆ ಕೊರಿಯರಿಗೆ. ಊಟದ ವೇಳೆಯಲ್ಲಿ ಆ ಬಿಸಿಲಲ್ಲೂ ಕಚೇರಿಯ ಕೆಳಗಿನ ಕೆರೆಯ ಸುತ್ತ ನಡೆಯುತ್ತಿದ್ದೆ, ಕೂತಿರಲು ಆಗುತ್ತಿರಲಿಲ್ಲ. ಮೆಟ್ರೋದಲ್ಲಿ ಎರಡು ಸಲ ನನ್ನ ಸ್ಟೇಷನ್ ದಾಟಿಹೋಯಿತು. ಆಪರೇಷನ್‌ಗೆ ಮೂರು ದಿನ ಇರುವಾಗ ಪತ್ರ ಕೈಸೇರಿತು. ಅಬುಧಾಬಿಗೆ ಓಡಿದೆ. ಅದೇ ಹೆಂಗಸು ಈ ಸಲ ಎಲ್ಲವನ್ನೂ ತೆಗೆದುಕೊಂಡು, ಪಾಸ್‌ಪೋರ್ಟನ್ನೂ ಇಟ್ಟುಕೊಂಡಳು. ಫೋನು ಮಾಡುತ್ತೇವೆ ಅಂದಳು.

ಫೋನು ಬರುವ ಮೊದಲೇ ಆಪರೇಷನ್ ಆಗಿಹೋಯಿತು. ಮರುದಿನ ಗಂಡ ಮಾತಾಡಿದರು, ನಾಲಿಗೆ ಇನ್ನೂ ಭಾರವಾಗಿತ್ತು.

"ಕೂರಿಸಲಿಕ್ಕೆ ಇಬ್ಬರು ನರ್ಸ್ ಬೇಕಾಯ್ತು. ನಿನ್ನೊಬ್ಬಳಿಂದ ಆಗ್ತಿರಲಿಲ್ಲ ಬಿಡು."

ಸಮಾಧಾನಕ್ಕೆ ಹೇಳಿದ ಮಾತೆಂದು ಗೊತ್ತಾಯಿತು.

ವೀಸಾ ಬಂದದ್ದು ಎಂಟು ದಿನ ಕಳೆದ ಮೇಲೆ. ಲಿಸ್ಬನ್‌ನ ಆ ಕೋಣೆಯ ಮುಂದೆ ನಿಂತು ಬೆಲ್ ಒತ್ತಿದೆ. ತುಂಬಾ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಗೋಡೆ ಹಿಡಿದುಕೊಂಡು ಬಂದು ಅವರೇ ಬಾಗಿಲು ತೆರೆದರು.