ಆರಾಮ ಅನ್ನುವ ರಹೀಮಾಬಿ

ನವಲಗುಂದದ ರಹೀಮಾಬಿಯನ್ನು ಯಾರೇ ‘ಆರಾಮದೀರೇನ್ರಿ?’ ಅಂತ ಕೇಳಲಿ, ಉತ್ತರ ಒಂದೇ: ‘ಆರಾಮ್ರಿ.’ ಜ್ವರ ಬಂದು ಮೈ ಕಾದ ಹಂಚಿನಂತಾದಾಗಲೂ ಆರಾಮ. ಹಿರಿಯ ಮಗಳು ಹುಟ್ಟುವ ದಿನ ಬ್ಯಾನಿ ಹತ್ತಿದರೂ ಮಗ್ಗದ ಮುಂದಿನಿಂದ ಏಳದೆ ಆರಾಮ ಅಂದಳಂತೆ. ಸೂಲಗಿತ್ತಿ ಬರುವಷ್ಟರಲ್ಲಿ ಕೂಸು ನೆಲಕ್ಕೆ ಬಿದ್ದು ಅಳುತ್ತಿತ್ತು. ‘ಕೂಸಾದ್ರೂ ಖರೇ ಹೇಳ್ತು’ ಅಂತ ಓಣಿಯವರು ಇವತ್ತಿಗೂ ನಗುತ್ತಾರೆ.

ಜಮಖಾನ ನೇಯುವುದು ಅವಳಿಗೆ ತಾಯಿಯಿಂದ ಬಂದ ಕೆಲಸ. ಗೋಡೆಗೆ ನಿಲ್ಲಿಸಿದ ಮಗ್ಗ, ಮುಂದೊಂದು ಹಲಗೆ, ಹಲಗೆಯ ಮೇಲೆ ಇಬ್ಬರು. ಬಾಜು ಕೂರುವವಳು ಪಕ್ಕದ ಮನೆಯ ಹನಮವ್ವ. ಬೆರಳಿಗೆ ಮುಳ್ಳು ಚುಚ್ಚಿದರೆ ‘ಸತ್ನೆವ್ವೋ’ ಅಂತ ಓಣಿ ಎಬ್ಬಿಸುವ ಪೈಕಿ.

ಒಂದು ಮಧ್ಯಾಹ್ನ ರಹೀಮಾಬಿಯ ಎಡಭುಜ ಹಿಡಿದುಕೊಂಡಿತು. ನೋವು ಗದ್ದಕ್ಕೆ ಏರಿತು, ಬೆನ್ನಿಗೆ ಇಳಿಯಿತು. ತಣ್ಣನೆಯ ಬೆವರಿಗೆ ಕುಪ್ಪಸ ತೊಯ್ದಿತು. ನೂಲು ಬಡಿದು ಕೂರಿಸುವ ಕಬ್ಬಿಣದ ಪಂಜಾ ಕೈಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. ಹನಮವ್ವ ಅವಳನ್ನು ಏನೂ ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾಳೆಂದು ಗೊತ್ತಿತ್ತಲ್ಲ! ಆಟೋ ಕರೆದಳು.

ದವಾಖಾನೆಯ ತುರ್ತು ಕೋಣೆಯ ಹೊರಗೆ ಬೆಂಚುಗಳು ತುಂಬಿದ್ದವು. ಕಾಲ್ಬೆರಳಿಗೆ ಕುಡಗೋಲು ತಾಗಿಸಿಕೊಂಡ ತರುಣನೊಬ್ಬ ‘ಯಪ್ಪಾ, ಹೋದ್ನಿ’ ಅಂತ ಚೀರುತ್ತಿದ್ದ. ಸಿಸ್ಟರ್ ಸೀಮಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ವಿಚಾರಿಸಿ, ಯಾರು ಮೊದಲು ಒಳಗೆ, ಯಾರು ಕಾಯಬಹುದು ಅಂತ ನಿರ್ಧರಿಸುತ್ತಿದ್ದಳು.

‘ಏನಾಗೇತ್ರಿ ಅಮ್ಮಾರ?’

‘ಏನಿಲ್ಲವ್ವ, ಆರಾಮ ಅದೀನಿ. ಸ್ವಲ್ಪ ವಾಯು ಹಿಡದೈತಿ.’

‘ಸುಳ್ಳ ಹೇಳಾಕತ್ತಾಳ್ರಿ ಸಿಸ್ಟರ್! ಈಕಿ ಜೀವಾ ಹೊಂಟೈತಿ!’ ಅಂದಳು ಹನಮವ್ವ. ಆದರೆ ಅಲ್ಲಿ ಪ್ರತಿಯೊಬ್ಬರ ಜೊತೆಗೆ ಬಂದವರೂ ಅದನ್ನೇ ಕೂಗುತ್ತಿದ್ದರು. ನಾಡಿ ನೋಡಲು ಸೀಮಾ ಕೈಚಾಚುವಷ್ಟರಲ್ಲಿ, ಫಿಟ್ಸ್ ಬಂದ ಮಗುವನ್ನು ಎದೆಗವಚಿಕೊಂಡು ಒಬ್ಬ ಓಡಿ ಬಂದ. ಅವಳು ಮಗುವಿನ ಜೊತೆ ಒಳಗೆ ಹೋದಳು.

‘ನಾವು ಮೊದಲ ಬಂದೀವ್ರಿ!’

‘ಸುಮ್ನಿರಬೇ ಹನಮವ್ವ. ಕೂಸು ಮೊದಲ ಹೋಗ್ಲಿ.’

ಎದೆಯ ಮೇಲೆ ಜೋಳದ ಚೀಲ ಹೇರಿದಂತಿತ್ತು ರಹೀಮಾಬಿಗೆ. ಹೇಳಬೇಕು ಅನ್ನಿಸಿತು. ಆದರೆ ಇಷ್ಟು ಮಂದಿಯನ್ನು ಬಿಟ್ಟು ನನ್ನನ್ನು ನೋಡ್ರಿ ಅನ್ನುವುದು ಹೇಗೆ? ನಾಲಿಗೆಗೆ ಆ ಮಾತಿನ ರೂಢಿಯೇ ಇರಲಿಲ್ಲ.

ಮಗುವನ್ನು ಡಾಕ್ಟರ ಕೈಗೆ ಒಪ್ಪಿಸಿದ್ದೇ ಸೀಮಾ ನೆಟ್ಟಗೆ ಇವಳ ಹತ್ತಿರವೇ ಬಂದು ಮುಂದೆ ಕುಕ್ಕರಗಾಲಲ್ಲಿ ಕೂತಳು.

‘ಏನ ಉದ್ಯೋಗ ಮಾಡ್ತೀರಿ ಅಮ್ಮಾರ?’

‘ಜಮಖಾನ ನೇಯ್ತೀನವ್ವ.’

‘ಈಗ ಮಗ್ಗದ ಮುಂದ ಕುಂತ್ರ ನೇಯಾಕ ಆಗ್ತೈತೇನ್ರಿ?’

ಮೈಯ ವಿಷಯಕ್ಕೆ ಎಷ್ಟು ಸುಳ್ಳು ಹೇಳಿದ್ದರೂ ಕೆಲಸದ ವಿಷಯಕ್ಕೆ ಅವಳು ಒಂದೂ ಹೇಳಿದವಳಲ್ಲ.

‘ಇಲ್ಲವ್ವ’ ಅಂದಳು. ‘ಪಂಜಾ ಕೈಯಾಗ ನಿಂದರವಲ್ದು. ಎದಿ ಒತ್ತಾಕತ್ತೈತಿ.’ ಒಂದು ಉಸಿರು ತಡೆದು, ‘ಭಾಳ ನೋಯ್ತೈತಿ’ ಅಂದಳು.

ಸ್ಟ್ರೆಚರ್ ಬಂತು.

‘ನಾ ಅವಾಗಿಂದ ಕುಂತೀನ್ರಿ!’ ಅಂತ ಬೆರಳಿನ ತರುಣ ಎದ್ದ.

‘ನಿನ್ನ ಬೆರಳ ಎಲ್ಲೂ ಓಡಿ ಹೋಗೂದಿಲ್ಲ. ಕುಂದ್ರೋ ತಮ್ಮಾ’ ಅಂದು ಹನಮವ್ವ ಸ್ಟ್ರೆಚರಿನ ಹಿಂದೆ ಓಡಿದಳು.

ಇಸಿಜಿ ನೋಡಿದ ಡಾಕ್ಟರು, ಹೃದಯಾಘಾತ ಅಂದರು. ಔಷಧ ಕೊಟ್ಟು ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ಕಟ್ಟಿಕೊಂಡಿದ್ದ ರಕ್ತನಾಳ ತೆರೆದರು. ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತು ಅಂತ ಅಲ್ಲಿನ ಡಾಕ್ಟರು ಹೇಳಿದಾಗ ಹನಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಅವಳು ಗಂಜಿ ಕುಡಿಸುತ್ತಿದ್ದಳು. ಎರಡನೆಯ ಚಮಚಕ್ಕೆ ರಹೀಮಾಬಿ ಮುಖ ಸಿಂಡರಿಸಿದಳು.

‘ಇದಕ್ಕ ಉಪ್ಪಽ ಇಲ್ಲ.’

ಹನಮವ್ವ ಇಡೀ ವಾರ್ಡಿನತ್ತ ತಿರುಗಿದಳು. ‘ಕೇಳಿದ್ರೇನ್ರಿ? ನಮ್ಮಕ್ಕ ತಕರಾರು ಮಾಡಾಕತ್ತಾಳ!’

‘ಖರೇನಽ ಇಲ್ಲಬೇ’ ಅಂದಳು ರಹೀಮಾಬಿ, ಬಟ್ಟಲನ್ನು ಅವಳತ್ತ ನೂಕುತ್ತ. ‘ನೀನಽ ಕುಡದು ನೋಡು.’